ಶರಾವತಿಗೆ ಮೋಟರ್ ಹಾಕಿದವರು ಯಾರು?

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ನಲ್ಲಿ ನೀರು ಸಣ್ಣಗಾದರೆ, ಪೈಪಿಗೇ ಮೋಟರ್ ಹಾಕಿ ಎಳೆಯುತ್ತಿರುವವರು ಯಾರೆಂದು ಪತ್ತೆ ಹಚ್ಚುವವನು ನಾನೇ. ಗುರ್ ಎನ್ನುವ ಸದ್ದು ಸಾಕು, ಕಳ್ಳ ಸಿಕ್ಕಿದ ಹಾಗೆ. ಹೀಗಾಗಿ ನನ್ನ ಹೆಂಡತಿಯ ಅಕ್ಕನ ಮಗ ಕಾರ್ತಿಕ್ ಹೊನ್ನಾವರದ ಹುಡುಗಿಯೊಬ್ಬಳನ್ನು ಮೆಚ್ಚಿದಾಗ, ಆ ಮನೆತನದ ತನಿಖೆಯ ಹೊಣೆಯನ್ನು ನಾನು ವಹಿಸಿಕೊಂಡೆ. ಯಾರೂ ಕೊಟ್ಟಿರಲಿಲ್ಲ.

“ಸುಮ್ನೆ ಊಟ ಮಾಡಿ ಎದ್ದು ಬನ್ನಿ. ಅವನು ಈ ಹುಡುಗೀನ ಬಿಟ್ರೆ ಬೇರೆ ಯಾರನ್ನೂ ಮದ್ವೆ ಆಗಲ್ಲ. ನಿಮ್ಮಿಂದ ಏನಾದ್ರೂ ಕೆಟ್ರೆ ಅಕ್ಕ ನನ್ನ ಮುಖ ನೋಡಲ್ಲ,” ಎಂದಳು ಹೆಂಡತಿ ಸರೋಜ.

ಮಾತುಕತೆಗೆಂದು ಕಾರ್ತಿಕನ ಮನೆಯವರ ಜೊತೆ ನಾವಿಬ್ಬರೂ ಹೋದೆವು. ಹುಡುಗಿಯ ಮನೆ ಶರಾವತಿಯ ದಂಡೆಯಲ್ಲಿ, ಕಡಲಿಗೆ ಹತ್ತಿರ. ಅವಳ ತಂದೆ ನಾಯ್ಕರು ಬಹಳ ಮರ್ಯಾದೆಯಿಂದ ಮಾತಾಡಿಸಿದರು. ನನಗೆ ಅಲ್ಲೇ ಅನುಮಾನ ಶುರುವಾಯಿತು.

“ಊಟಕ್ಕೆ ಇನ್ನೂ ಹೊತ್ತುಂಟು. ದೋಣೀಲಿ ಹೋಗಿ ಗಾಳ ಹಾಕುವಾ ಬನ್ನಿ,” ಎಂದರು.

ನನ್ನನ್ನು ಮನೆಯಿಂದ ಹೊರಗೆ ಸಾಗಿಸುವುದೇಕೆ? ಆದರೂ ಹೋದೆ. ದೋಣಿಯಲ್ಲಾದರೆ ಅವರು ತಪ್ಪಿಸಿಕೊಳ್ಳುವ ಹಾಗಿಲ್ಲ. ಅವರು ದೋಣಿಯನ್ನು ದಡದಿಂದ ಸ್ವಲ್ಪ ದೂರದ ಗೂಟಕ್ಕೆ ಕಟ್ಟಿ ಗಾಳ ಬಿಟ್ಟರು. ನಾನು ಪ್ರಶ್ನೆ ಬಿಟ್ಟೆ.

“ಮಗಳಿಗೆ ಕೋಪ ಬರುತ್ತಾ?”

“ಬರ್ತದೆ.”

“ಅಡುಗೆ?”

“ಬರೂದಿಲ್ಲ.”

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವರು ಮುಚ್ಚಿಟ್ಟಿರುವುದು ಇನ್ನೂ ದೊಡ್ಡದಿರಬೇಕು. ಯೋಚಿಸುತ್ತಾ ಗೂಟದ ಕಡೆ ನೋಡಿದೆ. ನೀರು ಒಂದು ಗೇಣು ಇಳಿದಿತ್ತು. ಮತ್ತೆ ನೋಡಿದಾಗ ಒಂದು ಮೊಳ. ಕೊನೆಗೆ ದೋಣಿ ಕೆಸರಿನ ಮೇಲೆ ಕೂತಿತು. ನಾಯ್ಕರು ಆರಾಮವಾಗಿ ಎಲೆಯಡಿಕೆ ಮೆಲ್ಲುತ್ತಿದ್ದರು. ಆಗ ದಡದಿಂದ ಕೇಳಿಸಿತು, ಗುರ್.

“ಅದೇನು ಸದ್ದು?”

“ನಮ್ಮ ತಮ್ಮನ ಸಿಗಡಿ ಕೆರೇದು.”

ನಲ್ಲಿಗಲ್ಲ, ಇಡೀ ನದಿಗೇ ಮೋಟರ್ ಹಾಕಿದ ವಂಶ! ಆಫ್ ಮಾಡಿಯೇ ಬರುತ್ತೇನೆಂದು ದೋಣಿಯಿಂದ ಹಾರಿದೆ. ಕೆಸರು ನನ್ನನ್ನು ಸೊಂಟದವರೆಗೆ ಒಳಗೆ ಕರೆದುಕೊಂಡಿತು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

“ಮೋಟರ್ ಆಫ್ ಮಾಡ್ರೀ! ಕಳ್ಳರ ಮನೆ ಹೆಣ್ಣು ನಮಗೆ ಬೇಡ!”

ಎರಡೂ ಮನೆಯವರು ದಡಕ್ಕೆ ಓಡಿಬಂದರು. ಕಾರ್ತಿಕನ ಮುಖದಲ್ಲಿ ರಕ್ತವೇ ಇರಲಿಲ್ಲ. ಹುಡುಗಿ ಅವನನ್ನು ದುರುಗುಟ್ಟಿ ನೋಡಿದಳು.

“ಅದು ಸಿಗಡಿಗೆ ಗಾಳಿ ಕೊಡೂ ಮಿಷನ್ನು ಮಾರಾಯ್ರೇ,” ಎಂದರು ನಾಯ್ಕರು ದೋಣಿಯಿಂದಲೇ. “ನೀರು ಎಳೆಯೂದಿಲ್ಲ. ಇದು ಇಳಿತ. ನೀರು ಕಡಲಿಗೆ ಹೋಗಿದೆ, ಸಂಜೆಗೆ ತಿರುಗಿ ಬರ್ತದೆ.”

“ಹೋದ ನೀರು ತಿರುಗಿ ಬರುತ್ತಾ? ಯಾರ ಕಿವಿಗೆ ಹೂವಿಡ್ತೀರಿ?” ಎಂದೆ, ಇನ್ನೂ ಹೂತುಕೊಂಡೇ.

ಹಲಗೆ ಹಾಸಿ, ಹಗ್ಗ ಕಟ್ಟಿ ನನ್ನನ್ನು ಎಳೆದರು. ನಾನು ಬಂದೆ, ಚಪ್ಪಲಿ ಬರಲಿಲ್ಲ. ಬಾವಿಕಟ್ಟೆಯಲ್ಲಿ ಮೈ ತೊಳೆಯುತ್ತಿದ್ದಾಗ, ಹಿತ್ತಿಲಲ್ಲಿ ನಾಯ್ಕರು ಸರೋಜಳೊಡನೆ ಮೆಲ್ಲಗೆ ಮಾತಾಡುತ್ತಿದ್ದುದು ಕೇಳಿಸಿತು.

“ಬೇಜಾರು ಮಾಡ್ಕೊಳ್ಬೇಡಿ ತಂಗಿ. ಇವರಿಗೆ ಇದು ಮೊದಲಿಂದಲೂ ಉಂಟಾ? ವಂಶದಲ್ಲಿ ಬಂದದ್ದಾ? ನಮಗೆ ಒಬ್ಬಳೇ ಮಗಳು.”

“ಅಯ್ಯೋ, ಹುಡುಗ ನನ್ನ ಅಕ್ಕನ ಮಗ ಅಣ್ಣ. ಇವರಿಗೂ ಅವನಿಗೂ ರಕ್ತಸಂಬಂಧ ಒಂಚೂರೂ ಇಲ್ಲ,” ಎಂದಳು ಸರೋಜ. “ಇವರನ್ನ ಕಟ್ಕೊಂಡಿರೋದು ನಾನೊಬ್ಳೇ.”

ನಾಯ್ಕರು ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಊಟಕ್ಕೆ ಮೊದಲೇ ತಾಂಬೂಲ ಬದಲಾಯಿಸಿ ಸಂಬಂಧ ಗಟ್ಟಿ ಮಾಡಿಕೊಂಡರು. ನಾನು ಸಂಬಂಧಿಕನಲ್ಲವೆಂದು ರುಜುವಾತಾದ ಮೇಲೆ, ಯಾರಿಗೂ ಯಾವ ಅನುಮಾನವೂ ಉಳಿಯಲಿಲ್ಲ.