ಸುಲಭಕ್ಕೆ ಬಿಚ್ಚಬಾರದ ಕವರು

ಭಾನುವಾರ ಬೆಳಿಗ್ಗೆ ಗುಮಾಸ್ತನ ನೆಮ್ಮದಿ ಕೆಡಿಸಿದ್ದು ಒಂದು ಉಕ್ಕಿನ ಟೇಪು. ಅದೂ ಅವನದಲ್ಲ, ಕೆಳಮನೆಯ ನಿವೃತ್ತ ಓವರ್‌ಸಿಯರದು.

ಹಿಂದಿನ ಸಂಜೆ ಮ್ಯಾನೇಜರು ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ತಂದು, ಗುಮಾಸ್ತನ ಸೈಕಲ್ ನಿಲ್ಲುವ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿ ಹೋಗಿದ್ದರು. "ನಮ್ಮನೆ ಅಂಗಳಕ್ಕೆ ಕಾಂಕ್ರೀಟ್ ಹಾಕಿಸ್ತಿದೀವಿ. ನಾಳೆ ಸಂಜೆವರೆಗೆ ಇಲ್ಲಿರ್ಲಿ. ಒಂದು ಒಳ್ಳೆ ಕವರ್ ನೀವೇ ಆರಿಸಿ ತಂದು ಹೊದಿಸಿಬಿಡಿ. ಸ್ವಲ್ಪ ಬೇಗ ಹೊದಿಸಿ" ಎಂದಿದ್ದರು.

ಕಾರು ಮ್ಯಾನೇಜರ ಹೆಂಡತಿಯದು. ಕಂಪನಿಯೂ ಆ ಮೇಡಂ ಅವರದೇ. ಗುಮಾಸ್ತನನ್ನು ಗೋದಾಮಿನ ಮೇಲ್ವಿಚಾರಕನನ್ನಾಗಿ ಮಾಡುವ ಬಡ್ತಿ ಕಾಗದಕ್ಕೆ ಸೋಮವಾರ ಸಹಿ ಹಾಕಬೇಕಾದವರೂ ಅವರೇ. ಹಾಗಾಗಿ ಬೆಳಗಾಗುವುದನ್ನೇ ಕಾದು ಕವರು ತರಲು ಹೊರಟವನನ್ನು ಓವರ್‌ಸಿಯರು ಮೆಟ್ಟಿಲ ಬಳಿಯೇ ಹಿಡಿದರು.

"ಅಳತೆ ಇಲ್ದೆ ಹೊರಟ್ರಾ? ಈ ಕಾರು ನೋಡಿ, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದೆ. ಮಾಮೂಲಿ ಕವರ್ ತಂದ್ರೆ ತಮ್ಮನಿಗೆ ಅಣ್ಣನ ಕೋಟು ಹಾಕಿದ ಹಾಗಾಗುತ್ತೆ. ಹಿಡ್ಕೊಳ್ಳಿ ಆ ತುದಿ."

ಗುಮಾಸ್ತ ಹಿಡಿದ. ಕಾರಿನ ಬಾಗಿಲ ಪಕ್ಕಕ್ಕೆ ಬಂದಾಗ ಬೆರಳು ಜಾರಿತು. ಟೇಪು ಸರ್ರನೆ ಓಡಿ ತನ್ನ ಡಬ್ಬಿ ಸೇರಿಕೊಂಡಿತು. ಬಗ್ಗಿ ನೋಡಿದರೆ ಬಾಗಿಲ ಮೇಲೆ ಗೇಣುದ್ದದ ಬಿಳಿ ಗೀರು.

ಗುಮಾಸ್ತ ತಟಕ್ಕನೆ ತಿರುಗಿ ಬೆನ್ನನ್ನು ಬಾಗಿಲಿಗೆ ಒತ್ತಿ ನಿಂತ.

"ಏನಾಯ್ತ್ರೀ?" ಎಂದರು ಅಳತೆ ಬರೆದುಕೊಳ್ಳುತ್ತಿದ್ದ ಓವರ್‌ಸಿಯರು.

"ಏನಿಲ್ಲ, ಸೊಂಟ ಹಿಡ್ಕೊಂತು."

ನಿಂತಲ್ಲಿಂದಲೇ ಹೆಂಡತಿಯನ್ನು ಕೂಗಿದ. ಅವಳು ಓಡಿಬಂದಾಗ ಕಿವಿಯಲ್ಲಿ ಪಿಸುಗುಟ್ಟಿ, ಅವಳನ್ನು ತನ್ನ ಜಾಗದಲ್ಲಿ ನಿಲ್ಲಿಸಿದ. "ನಾನು ಬರೋವರೆಗೆ ಕದಲಬೇಡ."

"ಒಲೆ ಮೇಲೆ ಹಾಲಿದೆ ರೀ."

"ಹಾಲು ಉಕ್ಕಿದ್ರೆ ಒರೆಸಬಹುದು. ಇದನ್ನ ಒರೆಸೋಕಾಗಲ್ಲ."

ಬೇಡವೆಂದರೂ ಓವರ್‌ಸಿಯರು ಅಂಗಡಿಗೆ ಜೊತೆಯಲ್ಲೇ ಬಂದರು.

"ಬಿಸಿಲಿಂದ ಮುಚ್ಚೋಕೋ, ಮಳೆಯಿಂದಲೋ, ಧೂಳಿಂದಲೋ?" ಎಂದು ಅಂಗಡಿಯವ ಕೇಳಿದ.

"ಜನರ ಕಣ್ಣಿಂದ" ಎಂದ ಗುಮಾಸ್ತ. ಅಂಗಡಿಯವ ಬಾಯಿ ಬಿಟ್ಟಿದ್ದು ನೋಡಿ, "ಅಂದ್ರೆ, ದಪ್ಪ ಇರ್ಲಿ. ಸುಲಭಕ್ಕೆ ಬಿಚ್ಚೋಕೆ ಬರಬಾರದು" ಎಂದು ಸರಿಪಡಿಸಿಕೊಂಡ.

"ಎಲ್ರೂ ಸುಲಭಕ್ಕೆ ಬಿಚ್ಚೋದೇ ಕೇಳ್ತಾರೆ ಸಾರ್."

"ಪ್ಲಾಸ್ಟಿಕ್ಕಿಂದು ಬೇಡ" ಎಂದು ಓವರ್‌ಸಿಯರು ನಡುವೆ ಬಾಯಿ ಹಾಕಿದರು. "ಒಳಗೆ ತೇವ ಕೂತು ಬಣ್ಣ ಬೊಬ್ಬೆ ಏಳುತ್ತೆ. ಒಳಗಡೆ ಮೆತ್ತನೆ ಬಟ್ಟೆ ಇರ್ಬೇಕು, ಕಾರು ಉಸಿರಾಡಬೇಕು."

ಕಾರಿನ ಮಾತಿರಲಿ, ಗುಮಾಸ್ತನಿಗೇ ಉಸಿರಾಡಲು ಆಗುತ್ತಿರಲಿಲ್ಲ. ಕೊನೆಗೆ ಹೊಟ್ಟೆಯಡಿ ಬಿಗಿಯುವ ಪಟ್ಟಿಗಳಿದ್ದ, ಮುಂದೆ ಬೀಗ ಹಾಕಲು ಬರುವ ಬೂದು ಬಣ್ಣದ ಕವರು ಆರಿಸಿದ. ಬೀಗವನ್ನೂ ಕೊಂಡ.

ವಾಪಸು ಬಂದರೆ ಕಾರಿನ ಸುತ್ತ ಜಾತ್ರೆ. "ಕಾರ್ ತಗೊಂಡ್ರಂತೆ, ಹೇಳಲೇ ಇಲ್ವಲ್ಲ" ಎಂದು ಮಹಡಿಮನೆಯ ಅಜ್ಜಿ ಮುನಿಸಿಕೊಂಡಿದ್ದರು. "ಖುಷಿಗೆ ಬಾಗಿಲು ಬಿಟ್ಟು ಈಚೆಗೇ ಬರ್ತಿಲ್ಲ ನೋಡಿ ಇವಳು." ಗೀರಿಗೆ ಬೆನ್ನು ಕೊಟ್ಟು ನಿಂತ ಹೆಂಡತಿ ಗಂಡನನ್ನು ಸುಡುವಂತೆ ನೋಡಿದಳು. ಮನೆಯಿಂದ ಹಾಲು ಸೀದ ವಾಸನೆ ಬರುತ್ತಿತ್ತು.

ಓವರ್‌ಸಿಯರು ಬಟ್ಟೆ ಹಿಡಿದು ಬಂದರು. "ಧೂಳಿನ ಮೇಲೇ ಹೊದಿಸಿದ್ರೆ ಉಜ್ಜಿ ಗೀರು ಬೀಳುತ್ತೆ."

ಗೀರು ಎಂಬ ಮಾತಿಗೇ ಗುಮಾಸ್ತ ಬೆವೆತ. "ಆ ಕಡೆ ನೀವು ಒರೆಸಿ, ಈ ಕಡೆ ನಂದು" ಎಂದು ಅವರನ್ನು ಅತ್ತ ಸಾಗಹಾಕಿದ. ಕವರು ಹೊದಿಸಿ, ಪಟ್ಟಿ ಬಿಗಿದು, ಬೀಗ ಹಾಕಿ, ಸಾಲದೆಂದು ಹಗ್ಗವನ್ನೂ ಕಟ್ಟಿದ. ಆಮೇಲೆ ಸಂಜೆಯವರೆಗೆ ಕನ್ನಡಿಯ ಮುಂದೆ ನಿಂತು ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡಿದ.

ಸಂಜೆ ಮೇಡಂ ಗೇಟಿನ ಬಳಿ ಫೋನಿನಲ್ಲಿ ಮಾತಾಡುತ್ತ ನಿಂತಿರುವಾಗ ಮ್ಯಾನೇಜರು ಒಬ್ಬರೇ ಒಳಕ್ಕೆ ಓಡಿಬಂದರು.

"ಬಾಗಿಲ ಮೇಲಿನ ಗೀರು ನೋಡಿದ್ರಾ?"

"ಸಾರ್, ಅದು..."

"ಮೆಲ್ಲಗೆ ಮಾತಾಡಿ. ನಿನ್ನೆ ಇಲ್ಲಿ ತಿರುಗಿಸುವಾಗ ಈ ಕಂಬಕ್ಕೆ ತಾಗಿಸಿಬಿಟ್ಟೆ. ಅದಕ್ಕೇ ಬೇಗ ಹೊದಿಸಿ ಅಂದಿದ್ದು."

ಗುಮಾಸ್ತನಿಗೆ ಎದೆಯ ಮೇಲಿಂದ ಯಾರೋ ಬಂಡೆ ಎತ್ತಿಟ್ಟಂತಾಯಿತು. ಮ್ಯಾನೇಜರು ಇಲ್ಲದಿದ್ದರೆ ಆ ಕಂಬವನ್ನು ತಬ್ಬಿಕೊಳ್ಳುತ್ತಿದ್ದ.

"ಒಂದು ಉಪಕಾರ ಮಾಡಿ" ಎಂದರು ಮ್ಯಾನೇಜರು. "ನೀವು ಮಾಡಿದ್ದು ಅಂತ ಹೇಳ್ಬಿಡಿ. ನೌಕರರ ಮೇಲೆ ಅವಳು ರೇಗೋದಿಲ್ಲ, ರೇಗೋದೆಲ್ಲ ನನ್ನ ಮೇಲೇ. ನಿಮ್ಮ ಬಡ್ತಿ ನನ್ನ ಜವಾಬ್ದಾರಿ."

ದಿನವಿಡೀ ಅಭ್ಯಾಸ ಮಾಡಿದ ಕ್ಷಮಾಪಣೆ ದಂಡವಾಗುವುದೇಕೆ ಎಂದು ಗುಮಾಸ್ತ ಒಪ್ಪಿಕೊಂಡ.

ಹಗ್ಗ, ಬೀಗ, ಪಟ್ಟಿ ಎಲ್ಲ ಬಿಚ್ಚುವಷ್ಟರಲ್ಲಿ ಮೇಡಂ ಬಂದರು, ಹಿಂದೆಯೇ ಓವರ್‌ಸಿಯರೂ. ಕವರು ಸರಿಯುತ್ತಲೇ ಗುಮಾಸ್ತ ಕೈಮುಗಿದ. "ತಪ್ಪಾಯ್ತು ಮೇಡಂ. ಅಳತೆ ತಗೊಳ್ಳುವಾಗ ಟೇಪ್ ಜಾರಿ ಗೀರು ಬಿತ್ತು." ಅಭ್ಯಾಸಬಲದಿಂದ ಕಣ್ಣಲ್ಲಿ ನೀರೂ ಬಂತು.

ಮೇಡಂ ಬಗ್ಗಿ ನೋಡಿದರು. "ಇದಾ? ಇದು ಹೋದ ವಾರ ನಾನೇ ನಮ್ಮನೆ ಗೇಟಿಗೆ ಉಜ್ಜಿದ್ದು."

ಮ್ಯಾನೇಜರ ಮುಖ ಅರಳಿತು. ಗುಮಾಸ್ತನದೂ ಅರಳಿತು. ಮೇಡಂ ಮುಖ ಮಾತ್ರ ಹಾಗೇ ಇತ್ತು.

"ನೀವ್ಯಾಕೆ ಹೀಗೆ ಹೇಳಿದ್ರಿ?"

"ಟೇಪ್ ಜಾರಿದ್ದು ನಿಜ ಮೇಡಂ, ಅದಕ್ಕೇ ನಾನು..."

"ನನ್ನ ಟೇಪಾ?" ಓವರ್‌ಸಿಯರು ಮುಂದೆ ಬಂದರು. "ಟೇಪ್ ಮೇಲೆ ಯಾಕೆ ಗೂಬೆ ಕೂರಿಸ್ತೀರಿ? ಪಕ್ಕದಲ್ಲೇ ಇದ್ದೆ ನಾನು. ಸೊಂಟ ಹಿಡ್ಕೊಂತು ಅಂದಿದ್ದು ನೀವೇ ತಾನೆ?"

ಗುಮಾಸ್ತ ಮ್ಯಾನೇಜರ ಕಡೆ ನೋಡಿದ. ಅವರು ಕವರಿನ ಹೊಲಿಗೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು.

"ಆಗದೇ ಇರೋದನ್ನ ಕಣ್ಣೀರು ಹಾಕಿ ನಂಬಿಸೋರ ಕೈಗೆ ಗೋದಾಮು ಕೊಡೋದು ಹೇಗೆ?" ಎಂದರು ಮೇಡಂ. "ಮುಂದಿನ ವರ್ಷ ನೋಡೋಣ. ಕವರ್ ಮಾತ್ರ ಚೆನ್ನಾಗಿದೆ."

ಕಾರು ಹೋಯಿತು, ಕವರೂ ಅದರ ಜೊತೆ ಹೋಯಿತು. ಗುಮಾಸ್ತ ಮೆಟ್ಟಿಲು ಹತ್ತಿ ಬಂದಾಗ ಹೆಂಡತಿ ಸೀದ ಪಾತ್ರೆ ಉಜ್ಜುತ್ತಿದ್ದಳು.

"ಏನಾಯ್ತು ರೀ?"

"ಗೀರು ನಂದಲ್ಲ ಕಣೇ."

"ಅಬ್ಬ, ಬದುಕಿದ್ವಿ. ಬಡ್ತಿ?"

"ಅದೂ ನಂದಲ್ಲ."