ಬಾಹ್ಯಾಕಾಶದಲ್ಲಿ ಸಂಡಿಗೆ ಒಣಗುತ್ತದೆಯೇ?

ಮಲ್ಲೇಶ್ವರಂನವರಿಗೆ ಹವಾಮಾನವೆಂದರೆ ಮನೆಯ ಮಗು ಇದ್ದ ಹಾಗೆ. ತಾವು ದಿನಾ ಬೈಯುತ್ತಾರೆ, ಬೇರೆ ಊರಿನವರು ಬೈದರೆ ಮಾತ್ರ ಸಿಟ್ಟು. "ಇಂಥ ಸೆಕೆ ನಮ್ಮ ಕಾಲದಲ್ಲಿ ಇರ್ಲಿಲ್ಲ" ಎಂದು ನಾನೂ ಹೇಳುತ್ತೇನೆ, ನನ್ನ ಕಾಲ ಇನ್ನೂ ಶುರುವಾಗದಿದ್ದರೂ. ಇಂಥ ಜನರ ಮುಂದೆ ನಮ್ಮ ಮಾವ 'ಬಾಹ್ಯಾಕಾಶದಲ್ಲಿ ಹವಾಮಾನ ಉಂಟೇ?' ಎಂದು ಉಪನ್ಯಾಸ ಕೊಡಲು ಒಪ್ಪಿಕೊಂಡಿದ್ದರು.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ, ಭೌತಶಾಸ್ತ್ರದ ನಿವೃತ್ತ ಮೇಷ್ಟ್ರು. ತಲೆ ತುಂಬ ವಿದ್ಯೆ. ದನಿ ಮಾತ್ರ ಜೋಗುಳ. ಹಿಂದಿನ ಸಲ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಅವರು ಮಾತಾಡಿದಾಗ ಸಭೆಗೆ ಎಚ್ಚರವಾದದ್ದು ವಂದನಾರ್ಪಣೆಯ ಚಪ್ಪಾಳೆಗೆ. ಅಧ್ಯಕ್ಷರನ್ನು ಭುಜ ಹಿಡಿದೇ ಅಲುಗಿಸಬೇಕಾಯಿತು. ಆ ನೋವು ಮಾವನಿಗೆ ಇತ್ತು. ಈ ಸಲ ಜನ ಕೊನೆತನಕ ಕಣ್ಣು ಬಿಟ್ಟುಕೊಂಡು ಕೂತರೆ ಸಾಕು ಎಂದು ವಾರವಿಡೀ ನಡುಮನೆಯಲ್ಲಿ ತಾಲೀಮು ನಡೆಸಿ, ಸರಿಯಾಗಿ ಆ ದಿನ ಬೆಳಿಗ್ಗೆ ಗಂಟಲು ಕಟ್ಟಿಸಿಕೊಂಡರು. ಅತ್ತೆ ಮೆಣಸಿನ ಕಷಾಯ ಕುಡಿಸಿದರು. ದನಿ ಬರಲಿಲ್ಲ, ಕಣ್ಣೀರು ಬಂತು. ಕೊನೆಗೆ ಮಾವ ನನ್ನನ್ನು ಕರೆದು ಪಿಸುಗುಟ್ಟಿದರು: "ಬಂದೋರ ಮುಂದೆಲ್ಲಾ ನನ್ ಥರ ಮಾತಾಡಿ ನಗಿಸ್ತೀಯಲ್ಲ, ಇವತ್ತು ಅಲ್ ಬಂದು ಮಾತಾಡು."

ಸಂಜೆ ವಾಚನಾಲಯದ ವೇದಿಕೆಯ ಮೇಲೆ ಮಾವ ಮಫ್ಲರ್ ಸುತ್ತಿಕೊಂಡು ನನ್ನ ಪಕ್ಕದಲ್ಲಿ ಕುಳಿತರು. ನಾನು ಅವರದೇ ಕನ್ನಡಕ ಇಸಿದುಕೊಂಡು, ಅವರ ಹಾಗೆಯೇ ವಾಕ್ಯಕ್ಕೊಮ್ಮೆ ಅದನ್ನು ಒರೆಸುತ್ತ, ವಾರವಿಡೀ ಕೇಳಿ ಬಾಯಿಪಾಠವಾಗಿದ್ದನ್ನು ಒಪ್ಪಿಸತೊಡಗಿದೆ. ಬಾಹ್ಯಾಕಾಶದಲ್ಲಿ ನಮ್ಮಲ್ಲಿರುವ ಹಾಗೆ ಗಾಳಿಯಿಲ್ಲ, ಆದ್ದರಿಂದ ಮೋಡವಿಲ್ಲ, ಮಳೆಯಿಲ್ಲ, ಕೊಡೆ ಮರೆತು ಬರುವ ಸುಖವೂ ಇಲ್ಲ. ಆದರೆ ಸೂರ್ಯ ಸುಮ್ಮನಿರುವವನಲ್ಲ. ಕಣ್ಣಿಗೆ ಕಾಣದ ಕಣಗಳನ್ನು ಸದಾ ಊದುತ್ತಿರುತ್ತಾನೆ. ಅದೇ ಅಲ್ಲಿನ ಗಾಳಿ. ಅವನಿಗೆ ಸಿಟ್ಟು ಬಂದರೆ ಬಿರುಗಾಳಿ. ಉಪಗ್ರಹ ಕೆಡಬಹುದು, ಈಗಷ್ಟೇ ಮನೆಮನೆಗೆ ಬಂದಿರುವ ಕೇಬಲ್ಲಿನ ಧಾರಾವಾಹಿಯೂ ನಿಂತುಹೋಗಬಹುದು. ಧಾರಾವಾಹಿ ಎಂದೊಡನೆ ಇಡೀ ಸಭೆ ನೆಟ್ಟಗೆ ಕುಳಿತಿತು.

ಮುಂದಿನ ಸಾಲಿನಿಂದ ಅತ್ತೆ ಎದ್ದರು. "ಮಳೆ ಇಲ್ಲ ಅಂದ್ಮೇಲೆ ಅಲ್ಲಿ ಸಂಡಿಗೆ ಚೆನ್ನಾಗ್ ಒಣಗತ್ತೆ ಅನ್ನಿ?"

ತಾಲೀಮಿನಲ್ಲಿ ಇದು ಇರಲಿಲ್ಲ. ಮಾವ ಕಿವಿಯಲ್ಲಿ ಉಸುರಿದ್ದನ್ನು ಅವರ ದನಿಗೆ ಏರಿಸಿದೆ. "ಒಣಗೋದೇನೋ ಒಣಗತ್ತೆ ಕಣೇ ಇವಳೇ, ಕಾಗೆ ಕಾಟಾನೂ ಇಲ್ಲ. ಆದ್ರೆ ಬಿಸಿಲಿನ ಕಡೆ ಸೀದುಹೋಗತ್ತೆ, ನೆರಳಿನ ಕಡೆ ಹೆಪ್ಪುಗಟ್ಟತ್ತೆ. ನೀನು ಮಗುಚ್ತಾನೇ ಇರ್ಬೇಕು."

'ಕಣೇ ಇವಳೇ' ಬಾಯಿಂದ ಜಾರಿದ ಮೇಲೆ ನಾನು ಕನ್ನಡಕವನ್ನು ಇನ್ನೂ ಜೋರಾಗಿ ಒರೆಸತೊಡಗಿದೆ. ಎತ್ತಿ ಆಡಿಸಿದ ಅತ್ತೆಯನ್ನು ತುಂಬಿದ ಸಭೆಯಲ್ಲಿ ಹೀಗೆ ಕರೆದರೆ ಇನ್ನು ಮುಂದೆ ಊಟಕ್ಕೆ ಬಡಿಸುವವರು ಯಾರು? ಅತ್ತೆಯೋ, ಅಭ್ಯಾಸಬಲದಿಂದ "ಹಾಗಂತೀರಾ?" ಎಂದು ಸೆರಗು ಸರಿಮಾಡಿಕೊಂಡು ಕುಳಿತೇಬಿಟ್ಟರು. ಸಭೆ ಬಿದ್ದು ಬಿದ್ದು ನಕ್ಕಿತು. ಮಾವ ನನ್ನ ಕೈಯಿಂದ ಕನ್ನಡಕ ಕಿತ್ತು ಹಾಕಿಕೊಂಡು, ದನಿಯಿಲ್ಲದ ನಗುವಿನಲ್ಲಿ ಭುಜ ಕುಣಿಸುತ್ತ, ಎಚ್ಚರವಾಗಿದ್ದ ಮುಖಗಳನ್ನು ಒಂದೊಂದಾಗಿ ನೋಡಿದರು.

ವಾಪಸು ಬರುವಾಗ ದಾರಿಯಲ್ಲಿ ಅತ್ತೆಗೆ ಇನ್ನೊಂದು ಸಂಶಯ ಬಂತು: ಆ ಸೂರ್ಯನ ಗಾಳಿ ನಮ್ಮ ತಾರಸಿಯವರೆಗೆ ಯಾಕೆ ಬೀಸುವುದಿಲ್ಲ? ಗೊತ್ತಿಲ್ಲ ಅತ್ತೆ ಎಂದು ನಾನು ಪ್ರಾಮಾಣಿಕವಾಗಿ ಒಪ್ಪಿಕೊಂಡೆ.

"ನಿನ್ನನ್ನ ಯಾರು ಕೇಳಿದ್ರು?" ಎಂದರು ಅತ್ತೆ. "ನಿಮ್ಮಾವನ ದನೀಲಿ ಹೇಳು. ಅವರಿಗೆ ಗೊತ್ತಿರತ್ತೆ."