ಮೋತ್ಯಾನ ಹೊಟ್ಟೆಯೂ ಓಣಿಯ ಕರುಣೆಯೂ

ಬಂಕಾಪುರದ ಸೈಕಲ್ ಅಂಗಡಿ ಮಲ್ಲೇಶಪ್ಪನ ನಾಯಿ ಮೋತ್ಯಾ ಆ ದಿನ ಬೆಳಿಗ್ಗೆ ಹೊಸ್ತಿಲು ದಾಟಲಾಗದೆ ಅದರ ಮೇಲೆಯೇ ಕೂತುಬಿಟ್ಟಿತು. ಮುಂಗಾಲು ಹೊರಗೆ, ಹಿಂಗಾಲು ಒಳಗೆ, ನಡುವೆ ಹತ್ತಿ ತುರುಕಿದ ಅಂಡಿಗೆ ಚೀಲದಂಥ ಹೊಟ್ಟೆ.

ದನದ ದವಾಖಾನೆಯ ಡಾಕ್ಟರು ಸಿಟ್ಟಾದರು. "ಹಿಂಗ ಬಿಟ್ರ ಇದರ ಎದಿ ನಿಂತು ಹೊಕ್ಕೈತಿ. ಉಪವಾಸ ಕೆಡವಬ್ಯಾಡ್ರಿ. ಮುಂಜಾನಿ, ಸಂಜಿಗೆ ಅಳತಿ ಮಾಡಿ ಹಾಕ್ರಿ. ಬೆಣ್ಣಿ, ಬೆಲ್ಲ ಬಂದ್. ನಡುವ ಯಾರೂ ಏನೂ ಹಾಕಬಾರದು. ದಿನಾ ನಡಸ್ರಿ."

"ಮನಿ ನಾ ನೋಡ್ಕೋತೇನಿ, ಓಣಿ ನೀವು ನೋಡ್ಕೊಳ್ರಿ" ಎಂದಳು ಹೆಂಡತಿ ಶಾರವ್ವ.

ಮಲ್ಲೇಶಪ್ಪ ಮೊದಲು ಪಕ್ಕದ ಮನೆಯ ವೀರವ್ವನಿಗೆ ಹೇಳಿದ. "ಅಕ್ಕಾರ, ಮೋತ್ಯಾಗ ಇನ್ನ ರೊಟ್ಟಿ ಹಾಕಬ್ಯಾಡ್ರಿ."

ವೀರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಾಯಿ ತಿನ್ನೂದರ ಮ್ಯಾಲೂ ಕಣ್ಣು ಬಿತ್ತೇನ? ಮನ್ಯಾಗ ಎಲ್ಲಾ ಬರೋಬ್ಬರಿ ಐತಿಲ್ಲೋ ತಮ್ಮಾ?"

ಅವನು ನಾಯಿಯ ಕೊರಳಿಗೆ ಹಗ್ಗ ಕಟ್ಟಿ ನಡೆಸಲು ಹೊರಟ. ಅಂದು ಸಂತೆ. ಮಿರ್ಚಿ ಬಜಿ ಗಾಡಿಯ ಮುಂದೆ ಮೋತ್ಯಾ ನಾಲ್ಕೂ ಕಾಲು ಚಾಚಿ ಮಲಗಿತು. ಮಲ್ಲೇಶಪ್ಪ ಹಗ್ಗ ಜಗ್ಗಿದ, ಗದರಿದ, ಕೊನೆಗೆ ಕೈ ಮುಗಿದ. ಜನ ಸೇರಿತು.

"ಹಸದು ಬಿದ್ದೈತ್ರಿ ಪಾಪ!" ಎಂದು ಯಾರೋ ಬಜಿ ಎಸೆದರು.

"ಹಾಕಬ್ಯಾಡ್ರಿ!" ಎಂದು ಮಲ್ಲೇಶಪ್ಪ ಚೀರಿದ.

"ತಾನೂ ಹಾಕೂದಿಲ್ಲ, ಹಾಕಾವ್ರಿಗೂ ಬಿಡೂದಿಲ್ಲ. ಎಂಥಾ ಮನಶ್ಯಾರೀ ಇಂವಾ!"

ಬೈಗುಳದ ನಡುವೆಯೇ ಅವನು ನಾಯಿಯನ್ನು ಹೆಗಲಿಗೇರಿಸಿ ಮನೆಗೆ ಹೊತ್ತ. ಮೋತ್ಯಾ ಮೆರವಣಿಗೆಯ ಮದುಮಗನಂತೆ ಕೂತು, ಎಣ್ಣೆ ಮೂತಿಯನ್ನು ಅವನ ಅಂಗಿಗೆ ಒರೆಸಿತು.

ಮನೆಯಲ್ಲಿ ಶಾರವ್ವ ಅಳುತ್ತಿದ್ದಳು. ಅವಳ ಮುಂದೆ ಓಣಿಯವರು ಕೊಟ್ಟುಹೋದ ರೊಟ್ಟಿ, ಪಲ್ಯ, ಸೇರು ಹಿಟ್ಟು. "ನಮ್ಮ ಮನ್ಯಾಗ ಹಿಟ್ಟಿಲ್ಲಂತ ವೀರಕ್ಕ ಊರಿಗೆಲ್ಲಾ ಹೇಳ್ಯಾಳ್ರೀ! ನಮ್ಮಪ್ಪಗ ಗೊತ್ತಾದ್ರ ಏನ್ ಗತಿ?"

ಮರುದಿನ ಬೆಳಿಗ್ಗೆ ಎಲ್ಲವನ್ನೂ ವಾಪಸು ಕೊಡಲು ಅವನು ಎತ್ತಿಕೊಳ್ಳುವಷ್ಟರಲ್ಲಿ ಬಾಗಿಲಿಗೆ ಎತ್ತಿನ ಚಕ್ಕಡಿ ಬಂತು. ಹಿರೇಬೆಂಡಿಗೇರಿಯಿಂದ ಮಾವ ಅಜ್ಜಪ್ಪ! ಮಲ್ಲೇಶಪ್ಪ ಓಡಿಹೋಗಿ ಚಕ್ಕಡಿಯ ಎದುರು ನಿಂತ.

"ಮಾವಾರ, ಮೊದಲ ಒಳಗ ಬಂದು ಹಿಟ್ಟಿನ ಡಬ್ಬಿ ನೋಡ್ರಿ!"

"ಡಬ್ಬಿ ನೋಡಿ ಏನ್ ಮಾಡ್ಲಿ? ಮೊದಲ ಇದನ್ನ ಇಳಸಾಕ ಕೈ ಹಚ್ರಿ."

ಚಕ್ಕಡಿಯಲ್ಲಿ ಒಂದು ನಾಯಿ ಮಲಗಿತ್ತು. ಅದರ ಮುಂದೆ ಮೋತ್ಯಾ ಕಡ್ಡಿ.

"ನಿನ್ನಿ ಸಂತಿಗೆ ಬಂದವ್ರು ಹೇಳಿದ್ರು, ನಾಯಿ ಊಟದಾಗ ನಮ್ಮ ಅಳಿಯಾರು ಭಾಳ ಖಡಕ್ ಅಂತ. ನಮ್ಮ ಮನ್ಯಾಗ ನನ್ನ ಮಾತು ಯಾರೂ ಕೇಳೂದಿಲ್ರಿ. ಇದರ ಹೊಟ್ಟಿ ಕರಗೂತನಕ ನಿಮ್ಮಲ್ಲೇ ಇರ್ಲಿ."

ತನ್ನ ಕಷ್ಟ ತಿಳಿದವನು ಜಗತ್ತಿನಲ್ಲಿ ಒಬ್ಬನಾದರೂ ಇದ್ದಾನಲ್ಲ ಎಂದು ಮಲ್ಲೇಶಪ್ಪನ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು ತಿರುಗಿದರೆ, ಶಾರವ್ವ ಓಣಿಯವರ ರೊಟ್ಟಿಯನ್ನೆಲ್ಲ ತಾಟಿನಲ್ಲಿ ಮುರಿದು, ಮೇಲೆ ಮುಷ್ಟಿಗಾತ್ರದ ಬೆಣ್ಣೆ ಇಡುತ್ತಿದ್ದಳು.

"ಏ, ಏನ್ ಮಾಡಾಕತ್ತೀ?"

"ಸುಮ್ನಿರ್ರಿ! ತವರಮನಿಯಿಂದ ಬಂದೈತಿ. ಬಂದ ದಿನಾನ ಅಳತಿ ಮಾಡಿ ಹಾಕಿದ್ರ ನಮ್ಮವ್ವ ಏನಂದಾಳು?"

ಬೀಗರೊಬ್ಬರೇ ಉಣ್ಣುವುದು ಚಂದವಲ್ಲವೆಂದು, ಮೋತ್ಯಾ ಕೂಡ ಅದೇ ತಾಟಿಗೆ ಬಾಯಿ ಹಾಕಿತು.